ಪ್ರಣಾಳಿಕೆಯ ಔಟ್‌ಟರ್ನ್ ಎಷ್ಟು? ಭರವಸೆಗಳು ಆಗುವ ಮಾತೋ ಅಲ್ಲವೋ ಎಂದು ಅಳೆಯುವ ಬಗೆ

ತಿತಿಮತಿಯ ಮೇಷ್ಟ್ರು

ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಕಳೆದ ವಾರ ಚುನಾವಣಾ ಪ್ರಣಾಳಿಕೆಗಳ ಕುರಿತು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಓಟು ಹಾಕುವುದಕ್ಕೆ ಮೊದಲೇ ಇದು ಆಗುವ ಮಾತೋ ಆಗದ ಮಾತೋ ಎಂದು ತಿಳಿಯುವ ದಾರಿ ಇದೆಯೇ ಸರ್?’ ಎಂದು ಕೇಳಿದಳು. ಇದೆ ಎಂದು ಹೇಳಿದೆ. ಅಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಆ ದಾರಿ ಯಾವುದೆಂದು ಅವಳು ಮುಂದುವರಿಸಿ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ಅದೇ ತರಗತಿಗೆ ಮತ್ತೆ ಹೋಗಬೇಕಾಗಿರುವುದರಿಂದ ಇಲ್ಲಿ ತಿಳಿದವರನ್ನು ಕೇಳುತ್ತಿದ್ದೇನೆ.

ಉದಾಹರಣೆಗೆ 2023ರ ಮೇ 10ರ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳೋಣ. ಕಾಂಗ್ರೆಸ್ ಪಕ್ಷವು ಮನೆಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಬಡ ಕುಟುಂಬದ ಪ್ರತಿಯೊಬ್ಬರಿಗೆ 10 ಕೆ.ಜಿ. ಅಕ್ಕಿ, ನಿರುದ್ಯೋಗಿ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಎಂಬ ಐದು ಗ್ಯಾರಂಟಿಗಳನ್ನು ಮುಂದಿಟ್ಟು, 224ರಲ್ಲಿ 135 ಸ್ಥಾನಗಳನ್ನು ಗೆದ್ದಿತು. ನಮ್ಮ ಕೊಡಗಿನ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳು ಆ ಪಕ್ಷಕ್ಕೇ ಹೋದವು. ರಾಜ್ಯ ಒಂದೇ ವರ್ಷದಲ್ಲಿ ದಿವಾಳಿಯಾಗುತ್ತದೆ ಎಂದವರು ಅಂದು ಇದ್ದರು. ಇದೆಲ್ಲ ಓಟಿನ ಮಾತು, ಬಿಡಿಗಾಸೂ ಸಿಗುವುದಿಲ್ಲ ಎಂದವರೂ ಇದ್ದರು. ಎರಡೂ ನಡೆಯಲಿಲ್ಲ. ಹಾಗಾದರೆ ಅಂದು ಆ ಕಾಗದವನ್ನು ಕೈಯಲ್ಲಿ ಹಿಡಿದ ಮತದಾರ ಏನನ್ನು ನೋಡಬೇಕಾಗಿತ್ತು? ಯಾವ ಪಕ್ಷ ಒಳ್ಳೆಯದು ಎಂಬ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅದಕ್ಕೆ ಮಡಿಕೇರಿಯ ಪ್ರತಿಯೊಂದು ಕಾಫಿ ಅಂಗಡಿಯೂ ತೆರೆದಿರುತ್ತದೆ.

ಕುಶಾಲನಗರದ ನಿವೃತ್ತ

ಮೇಷ್ಟ್ರೇ, ಖಜಾನೆ ಇಲಾಖೆಯಲ್ಲಿ ಸೇವೆಯುದ್ದಕ್ಕೂ ಬಿಲ್ಲು ಪಾಸು ಮಾಡಿದವನಾದ್ದರಿಂದ ನನ್ನ ಉತ್ತರ ಗುಣಾಕಾರದಿಂದಲೇ ಆರಂಭವಾಗುತ್ತದೆ. ಸುಮಾರು 1.2 ಕೋಟಿ ಯಜಮಾನಿಯರು ಎಂದಿಟ್ಟುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 24,000 ರೂಪಾಯಿ. ಗುಣಿಸಿದರೆ 28,800 ಕೋಟಿ. 2024-25ರ ಬಜೆಟ್ಟಿನಲ್ಲಿ ಯಜಮಾನಿಯರ ಈ ಯೋಜನೆಗೆ, ಅಂದರೆ ಗೃಹಲಕ್ಷ್ಮಿಗೆ, ಇಟ್ಟ ಹಣ 28,608 ಕೋಟಿ. ಪಡಿತರ ಚೀಟಿಗಳು ಎಷ್ಟಿವೆ ಎಂಬುದು ಗೊತ್ತಿದ್ದವರು ಚುನಾವಣೆಗೆ ಮೊದಲೇ ಮಾಡಬಹುದಾಗಿದ್ದ ಬಾಯಿಲೆಕ್ಕವಿದು. ಅದೇ ವರ್ಷ ವಿದ್ಯುತ್ತಿನ ಗೃಹಜ್ಯೋತಿಗೆ 9,657 ಕೋಟಿ, ಅಕ್ಕಿಯ ಅನ್ನಭಾಗ್ಯಕ್ಕೆ 8,079 ಕೋಟಿ, ಬಸ್ಸಿನ ಶಕ್ತಿಗೆ 5,015 ಕೋಟಿ, ನಿರುದ್ಯೋಗಿಗಳ ಯುವನಿಧಿಗೆ 650 ಕೋಟಿ; ಎಲ್ಲ ಕೂಡಿ 52,009 ಕೋಟಿ. 3.71 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಇದು ಶೇಕಡಾ 14. ಆದರೆ ಬಜೆಟ್ಟಿನ ಒಟ್ಟು ಗಾತ್ರದಲ್ಲಿ ಸಾಲವೂ ಸೇರಿರುತ್ತದೆ. ಸಾಲ ಬಿಟ್ಟು ರಾಜಸ್ವ ಸ್ವೀಕೃತಿಯನ್ನು ಮಾತ್ರ ನೋಡಿದರೆ, ಅಂದರೆ 2,63,178 ಕೋಟಿಯನ್ನು ನೋಡಿದರೆ, ಬಂದ ಐದು ರೂಪಾಯಿಯಲ್ಲಿ ಒಂದು ರೂಪಾಯಿ ಗ್ಯಾರಂಟಿಗೆ ಹೋಗುತ್ತದೆ. ಮನೆಯ ಯಜಮಾನ ಲೆಕ್ಕ ಹಾಕುವುದು ಸಂಬಳದ ಮೇಲೆ. ಸಂಬಳಕ್ಕೆ ಕೈಸಾಲ ಕೂಡಿಸಿಕೊಂಡು ಅಲ್ಲ.

ದಿವಾಳಿ ಎಂಬ ಮಾತು ಏಕೆ ಸುಳ್ಳಾಯಿತು ಎಂಬುದನ್ನೂ ಹೇಳಬೇಕು. ಕರ್ನಾಟಕದಲ್ಲಿ 2002ರ ವಿತ್ತೀಯ ಹೊಣೆಗಾರಿಕೆ ಕಾಯಿದೆ ಇದೆ. ವಿತ್ತೀಯ ಕೊರತೆ, ಅಂದರೆ ಆ ವರ್ಷ ಸಾಲದಿಂದ ತುಂಬಬೇಕಾದ ಹಣ, ರಾಜ್ಯದ ಆಂತರಿಕ ಉತ್ಪನ್ನದ ಶೇಕಡಾ 3ನ್ನು, ಒಟ್ಟು ಸಾಲ ಶೇಕಡಾ 25ನ್ನು ಮೀರಬಾರದು. 2024-25ರ ಅಂದಾಜಿನಲ್ಲಿ ಅವು 2.95 ಮತ್ತು 23.68. ಗೆರೆ ಮುಟ್ಟುವಷ್ಟು ಹತ್ತಿರ, ಆದರೆ ದಾಟಿಲ್ಲ. ನಿಜವಾಗಿ ಬದಲಾದದ್ದು ಬೇರೆ ಕಡೆ. 2023ರ ಫೆಬ್ರುವರಿಯಲ್ಲಿ ಬೊಮ್ಮಾಯಿಯವರು ಮಂಡಿಸಿದ ಬಜೆಟ್ಟಿನಲ್ಲಿ 402 ಕೋಟಿಯ ರಾಜಸ್ವ ಹೆಚ್ಚುವರಿ, ಅಂದರೆ ದಿನನಿತ್ಯದ ಖರ್ಚು ಕಳೆದು ಉಳಿಯುವ ಆದಾಯ, ತೋರಿಸಲಾಗಿತ್ತು. ಅದೇ ವರ್ಷ ಜುಲೈಯಲ್ಲಿ ಸಿದ್ದರಾಮಯ್ಯನವರು ಮಂಡಿಸಿದಾಗ ಅದು 12,523 ಕೋಟಿಯ ಕೊರತೆಯಾಯಿತು. ಮರುವರ್ಷದ ಅಂದಾಜು 27,354 ಕೋಟಿ. ಸೇತುವೆ ಕಟ್ಟುವುದಕ್ಕೆ ಸಾಲ ಮಾಡುವುದು ಬೇರೆ, ದಿನಸಿ ತರುವುದಕ್ಕೆ ಸಾಲ ಮಾಡುವುದು ಬೇರೆ.

ಇನ್ನೊಂದು ಬದಿಯಲ್ಲಿ ಆದಾಯ ಹುಡುಕಿದ ಬಗೆಯನ್ನೂ ನೋಡಿ. 2023ರಲ್ಲಿ ಮದ್ಯದ ಮೇಲಿನ ಸುಂಕ ಏರಿತು, ಅಕ್ಟೋಬರಿನಲ್ಲಿ ಆಸ್ತಿಯ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು, 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು, 2025ರ ಜನವರಿಯಲ್ಲಿ ಸಾರಿಗೆ ಬಸ್ಸಿನ ದರ ಶೇಕಡಾ 15ರಷ್ಟು ಏರಿತು. ಕೊಡುವ ಪಟ್ಟಿ ಪ್ರಣಾಳಿಕೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ತೆಗೆದುಕೊಳ್ಳುವ ಪಟ್ಟಿ ಎಲ್ಲಿಯೂ ಇರಲಿಲ್ಲ. ಆದ್ದರಿಂದ ‘ಆಗುತ್ತದೆಯೇ’ ಎಂದು ಕೇಳುವುದಕ್ಕಿಂತ ‘ಯಾರ ಜೇಬಿನಿಂದ’ ಎಂದು ಕೇಳಲು ಮಕ್ಕಳಿಗೆ ಕಲಿಸಿ.

ಸುಂಟಿಕೊಪ್ಪದ ಬೆಳೆಗಾರ

ನಿವೃತ್ತರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಮೂಟೆಯ ತೂಕ ಮಾತ್ರ. ನಾವು ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವಾಗ ವ್ಯಾಪಾರಿ 50 ಕೆ.ಜಿ.ಯ ಮೂಟೆಯನ್ನು ನೋಡಿ ಬೆಲೆ ಹೇಳುವುದಿಲ್ಲ. ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಕಪ್ಪು ಕಾಳು, ಹುಳುಕು ಕಾಳು ಆರಿಸಿ, ಪುಟ್ಟ ತಕ್ಕಡಿಯಲ್ಲಿಟ್ಟು, ‘ಇಪ್ಪತ್ತಾರೂವರೆ’ ಎನ್ನುತ್ತಾನೆ. ಅದು ಓಟಿ, ಔಟ್‌ಟರ್ನ್: ಸಿಪ್ಪೆ ಕಳೆದರೆ ಆ ಮೂಟೆಯಲ್ಲಿ ಉಳಿಯುವ ಒಳ್ಳೆಯ ಕಾಳು ಎಷ್ಟು ಕೆ.ಜಿ. ಎಂಬ ಲೆಕ್ಕ. ಮೂಟೆಯ ಅರ್ಧದಷ್ಟು ಸಿಪ್ಪೆ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ, ಯಾರಿಗೂ ಮೋಸವಾಗುವುದಿಲ್ಲ. ಪ್ರಣಾಳಿಕೆಯ ತೊಂದರೆ ಎಂದರೆ ಮೂಟೆಯ ತೂಕ ಹೇಳುತ್ತಾರೆ, ಓಟಿ ಹೇಳುವುದಿಲ್ಲ.

2018ರಲ್ಲಿ ನಾನೇ ಅನುಭವಿಸಿದ್ದೇನೆ. ಅಧಿಕಾರಕ್ಕೆ ಬಂದ 24 ಗಂಟೆಗಳಲ್ಲಿ ರೈತರ ಸಾಲ ಪೂರ್ತಿ ಮನ್ನಾ ಎಂದು ಜೆಡಿಎಸ್ ಹೇಳಿತ್ತು. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದದ್ದು ಸಮ್ಮಿಶ್ರ ಸರ್ಕಾರದಲ್ಲಿ. ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿಯ ಮನ್ನಾ ಘೋಷಣೆಯಾಯಿತು. ಜೊತೆಗೆ 2 ಲಕ್ಷ ರೂಪಾಯಿಯ ಮಿತಿ, ಇಂಥ ದಿನಾಂಕದವರೆಗಿನ ಸುಸ್ತಿ ಸಾಲ ಮಾತ್ರ ಎಂಬ ಗೆರೆ, ಆದಾಯ ತೆರಿಗೆ ಕಟ್ಟಿದವರಿಗಿಲ್ಲ ಎಂಬ ನಿಬಂಧನೆ. ನಮ್ಮ ಸಹಕಾರ ಸಂಘದ ಜಗಲಿಯಲ್ಲಿ ನಿಂತು ನೋಟಿಸ್ ಬೋರ್ಡು ಓದಿದಾಗ ನಾನು ಎರಡು ಕಡೆಯಿಂದ ಹೊರಗಿದ್ದೆ: ಕಂತು ತಪ್ಪಿಸಿರಲಿಲ್ಲ, ಹಿಂದೊಂದು ವರ್ಷ ತೆರಿಗೆಯನ್ನೂ ಕಟ್ಟಿದ್ದೆ. ಪಕ್ಕದ ತೋಟದವರು ಮೂರು ವರ್ಷ ಕಂತು ಮುಟ್ಟದೆ ಕುಳಿತಿದ್ದರು, ಅವರಿಗೆ ಸಿಕ್ಕಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ವರ್ಷಗಳಲ್ಲಿ ಅವರ ಮನೆಯ ಸ್ಥಿತಿ ಹಾಗಿತ್ತು. ಆದರೆ ‘ಪೂರ್ತಿ’ ಎಂಬ ಪದದ ಓಟಿ ಎಷ್ಟು ಎಂದು ಚುನಾವಣೆಗೆ ಮೊದಲು ಕೇಳಬೇಕಾಗಿತ್ತು. ನಾವು ಕೇಳಲಿಲ್ಲ.

ಕುಶಾಲನಗರದ ನಿವೃತ್ತ

ಬೆಳೆಗಾರರ ಮಾತಿಗೆ ಇನ್ನೊಂದು ಪುರಾವೆ ಕೊಡುತ್ತೇನೆ. ‘200 ಯೂನಿಟ್ ಉಚಿತ’ ಎಂಬುದು ಆದೇಶವಾಗಿ ಬಂದಾಗ, ಆ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಬಂದಷ್ಟು ಮಾತ್ರ ಉಚಿತವಾಯಿತು. 200 ದಾಟಿದರೆ ಪೂರ್ತಿ ಬಿಲ್ಲು. 40 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಕ್ಕಿದ್ದು 44. ಇಂಥ ಚಿಕ್ಕ ಮನೆಗಳಿಗೆ ಹೀಗಾದರೆ ಅನ್ಯಾಯ ಎಂಬ ಕೂಗು ಬಂದ ಮೇಲೆ 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು ತಿದ್ದಿದರು. ಹಾಗೆಂದು ಇದನ್ನು ಬರೀ ಮೋಸ ಎನ್ನಲಾರೆ. ಎಲ್ಲರಿಗೂ 200 ಬಿಟ್ಟಿದ್ದರೆ ಎಲ್ಲರೂ 199ರವರೆಗೆ ಬಳಸುತ್ತಿದ್ದರು, ಬಜೆಟ್ಟಿನ ಲೆಕ್ಕ ಉಳಿಯುತ್ತಿರಲಿಲ್ಲ. ಬರೆದವರಿಗೆ ಅದು ಮೊದಲೇ ತಿಳಿದಿರಲಿಲ್ಲ ಎಂದು ನಂಬುವುದು ಮಾತ್ರ ನನಗೆ ಕಷ್ಟ.

ಭಾಗಮಂಡಲದ ಕಡೆಯವಳು

ಅಣ್ಣಂದಿರೇ, ಕೋಟಿಗಳ ಲೆಕ್ಕ ನನಗೆ ಅಷ್ಟಾಗಿ ತಿಳಿಯುವುದಿಲ್ಲ, ಬಸ್ಸಿನ ಲೆಕ್ಕ ತಿಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಮೈಸೂರಿನಲ್ಲಿರುವ ನನ್ನ ತಂಗಿ ಫೋನ್ ಮಾಡಿ, ಕೆಲಸಕ್ಕೆ ಹೋಗಿ ಬರುವ ಖರ್ಚು ಪೂರ್ತಿ ಉಳಿಯುತ್ತಿದೆ ಎಂದಳು. ನಮ್ಮ ತಿರುವಿನಲ್ಲಿ ಬೆಳಿಗ್ಗೆ ಏಳೂವರೆಗೆ ನಿಲ್ಲುವುದು ಖಾಸಗಿ ಬಸ್ಸು, ಸಂಜೆ ಐದಕ್ಕೆ ವಾಪಸು ಕರೆತರುವುದೂ ಅದೇ. ಸರ್ಕಾರಿ ಬಸ್ಸು ಬೇಕೆಂದರೆ ಮೂರು ಕಿಲೋಮೀಟರ್ ನಡೆದು ಮುಖ್ಯರಸ್ತೆಗೆ ಹೋಗಬೇಕು. ಜುಲೈಯ ಮಳೆಯಲ್ಲಿ ಆ ಮೂರು ಕಿಲೋಮೀಟರ್ ಎಂದರೆ ಏನು ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಕೊಡೆ ಇದ್ದರೂ ಸೊಂಟದವರೆಗೆ ನೆನೆದು, ಕಾಲಿಗೆ ಹತ್ತಿದ ಜಿಗಣೆಗಳನ್ನು ಬಸ್ಸಿನ ಮೆಟ್ಟಿಲ ಮೇಲೆ ಕಿತ್ತು ಹಾಕಬೇಕು.

ಅಮ್ಮನನ್ನು ಮಡಿಕೇರಿಯ ಆಸ್ಪತ್ರೆಗೆ ತಿಂಗಳಿಗೆ ಎರಡು ಬಾರಿ ಕರೆದುಕೊಂಡು ಹೋಗುತ್ತೇನೆ. ಇಬ್ಬರ ಹೋಗಿ ಬರುವ ಚಾರ್ಜು ಸೇರಿ ಒಂದು ಸಲಕ್ಕೆ 200 ರೂಪಾಯಿ. ನನಗೆ ಗೃಹಲಕ್ಷ್ಮಿ ಬರುತ್ತದೆ, ಕೆಲವು ಸಲ ತಡವಾಗಿ ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅದರಲ್ಲಿ 400 ರೂಪಾಯಿ ಹೋಗುವುದು, ನಮ್ಮ ದಾರಿಗೂ ಶಕ್ತಿ ಯೋಜನೆ ಇದ್ದಿದ್ದರೆ ಕೊಡಬೇಕಾಗಿರದ ಈ ಬಸ್ ಚಾರ್ಜಿಗೆ. ಒಂದು ಗ್ಯಾರಂಟಿ ಇನ್ನೊಂದು ಗ್ಯಾರಂಟಿಯ ಸಾಲ ತೀರಿಸುತ್ತಿದೆ ಎಂದು ನಾನು ತಮಾಷೆಗೆ ಹೇಳುವುದುಂಟು. ಯೋಜನೆ ಸುಳ್ಳು ಎಂದು ಖಂಡಿತ ಹೇಳುವುದಿಲ್ಲ, ತಂಗಿಗೆ ಅದು ಪೂರ್ತಿ ನಿಜ. ಆ ಕಾಗದದಲ್ಲಿ ‘ಸರ್ಕಾರಿ ಬಸ್ಸಿನಲ್ಲಿ’ ಎಂಬ ಎರಡು ಪದಗಳಿದ್ದವು. ನಾನು ‘ಉಚಿತ’ವನ್ನು ಓದಿದೆ, ಅವೆರಡನ್ನು ಓದಲಿಲ್ಲ.

ತಿತಿಮತಿಯ ಮೇಷ್ಟ್ರು

ಅಕ್ಕ, ನಿಮ್ಮ ಮಾತಿಗೆ ಒಂದು ಸಂಗತಿ ಸೇರಿಸುತ್ತೇನೆ. ಸಾರಿಗೆ ನಿಗಮಕ್ಕೆ ಕೊಡಗು ಪ್ರತ್ಯೇಕ ವಿಭಾಗವೇ ಅಲ್ಲ. ಮಡಿಕೇರಿ ಡಿಪೋ ಪುತ್ತೂರು ವಿಭಾಗಕ್ಕೆ ಸೇರಿದೆ. ರೈಲು ಹಳಿ ಇಲ್ಲದ ಜಿಲ್ಲೆಯಲ್ಲಿ ಒಳದಾರಿಗಳನ್ನು ಬಹುಮಟ್ಟಿಗೆ ಖಾಸಗಿ ಬಸ್ಸುಗಳೇ ಕಾಯ್ದುಕೊಂಡು ಬಂದಿವೆ. ರಾಜ್ಯದ ಸರಾಸರಿಯಲ್ಲಿ ನಿಜವಾದ ಭರವಸೆ ಜಿಲ್ಲೆಯ ನಕ್ಷೆಯ ಮೇಲೆ ಎಷ್ಟು ನಿಜವಾಗುತ್ತದೆ ಎಂಬುದು ಪಾಠದಲ್ಲಿ ಬರಲೇಬೇಕಾದ ಪ್ರಶ್ನೆ ಎಂದು ಈಗ ಅನ್ನಿಸುತ್ತಿದೆ.

ಕೂಡಿಗೆಯ ಹಾಲಿನವ

ಒಂದೇ ಪಕ್ಷದ ಕಾಗದವನ್ನು ಓದಿದರೆ ಮಕ್ಕಳಿಗೆ ತಪ್ಪು ಕಲ್ಪನೆ ಬರುತ್ತದೆ, ಆದ್ದರಿಂದ ಇನ್ನೊಂದನ್ನೂ ಓದೋಣ. ಅದೇ 2023ರಲ್ಲಿ ಬಿಜೆಪಿ ಪ್ರತಿಯೊಂದು ಬಿಪಿಎಲ್ ಕುಟುಂಬಕ್ಕೆ ದಿನವೂ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದರಂತೆ ಮೂರು ಸಿಲಿಂಡರ್ ಉಚಿತ ಎಂದಿತ್ತು. ಕಾರ್ಡುಗಳು ಒಂದು ಕೋಟಿಗೂ ಮೇಲಿವೆ. ಒಂದು ಕೋಟಿ ಎಂದೇ ಹಿಡಿದರೂ ದಿನಕ್ಕೆ 50 ಲಕ್ಷ ಲೀಟರ್ ಹಾಲು ಬೇಕು. ಆಗ ಟೋನ್ಡ್ ಹಾಲಿನ ಬೆಲೆ ಲೀಟರಿಗೆ 39 ರೂಪಾಯಿ. ವರ್ಷಕ್ಕೆ 7,000 ಕೋಟಿ ಮೀರುತ್ತದೆ. ಗೃಹಲಕ್ಷ್ಮಿಯ ಎದುರು ಇದು ಕಾಲುಭಾಗದಷ್ಟೇ, ಹಣ ಹೇಗೋ ಹೊಂದಿಕೆಯಾಗಬಹುದಿತ್ತು. ಆದರೆ ಹಾಲು? ಇಡೀ ರಾಜ್ಯದ ಒಕ್ಕೂಟಗಳಿಗೆ ದಿನವೊಂದಕ್ಕೆ ಬರುತ್ತಿದ್ದದ್ದು 70ರಿಂದ 80 ಲಕ್ಷ ಲೀಟರ್ ಆಸುಪಾಸು. ಅದರಲ್ಲಿ 50 ಲಕ್ಷ ತೆಗೆದಿಟ್ಟರೆ ಮೊಸರು, ತುಪ್ಪ, ಶಾಲೆಯ ಹಾಲಿನ ಪುಡಿ, ಬೆಂಗಳೂರಿನ ಪ್ಯಾಕೆಟ್ಟು ಇವೆಲ್ಲ ಎಲ್ಲಿಂದ ಬರಬೇಕು? ಈಗ ಹಾಲು ಕೊಳ್ಳುತ್ತಿರುವ ಬಿಪಿಎಲ್ ಮನೆಗಳು ಕೊಳ್ಳುವುದನ್ನು ಬಿಡುತ್ತವೆ ಎಂದು ಒಂದಷ್ಟು ಕಳೆದರೂ ಸಾಲುವುದಿಲ್ಲ. ಹಸುವಿಗೆ ಬಜೆಟ್ ಭಾಷಣ ಅರ್ಥವಾಗುವುದಿಲ್ಲ. ಹಣದ ಪರೀಕ್ಷೆಯಲ್ಲಿ ಪಾಸಾದದ್ದು ವಸ್ತುವಿನ ಪರೀಕ್ಷೆಯಲ್ಲಿ ಫೇಲಾಗಬಹುದು ಎಂಬುದಷ್ಟೇ ನನ್ನ ಮಾತು.

ಸೋಮವಾರಪೇಟೆಯ ವಕೀಲ

ಹಾಲಿನವರು ಹೇಳಿದ್ದು ಅಕ್ಕಿಯಲ್ಲಿ ನಡೆದೇ ಹೋಯಿತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ದುಡ್ಡು ಕೊಡುತ್ತೇವೆ ಎಂದರೂ ಅಕ್ಕಿ ಸಿಗದ ಕಾರಣ, ಹೆಚ್ಚುವರಿ 5 ಕೆ.ಜಿ.ಗೆ ಕೆ.ಜಿ.ಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿಯನ್ನು ರಾಜ್ಯ ಸರ್ಕಾರ ಜುಲೈಯಿಂದ ಖಾತೆಗೆ ಹಾಕಿತು; 10 ಕೆ.ಜಿ. ಅಕ್ಕಿಯೇ ಕೈಗೆ ಬಂದದ್ದು 2025ರಲ್ಲಿ. ತಪ್ಪು ಯಾರದೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಕೀಲಿಕೈ ಇನ್ನೊಬ್ಬರ ಸೊಂಟದಲ್ಲಿರುವ ಕಣಜದಿಂದ ಕೊಡುತ್ತೇನೆ ಎಂದು ಮಾತು ಕೊಡುವವರು, ಕೀಲಿ ಸಿಗದಿದ್ದರೆ ಏನು ಮಾಡುತ್ತೇವೆ ಎಂಬುದನ್ನೂ ಬರೆಯಬೇಕಾಗಿತ್ತು.

ಬರೆಯಬೇಕೆಂಬ ನಿಯಮ ಇದೆಯೇ ಎಂದು ಕೇಳಿದರೆ, ಅರ್ಧ ಇದೆ. ತಮಿಳುನಾಡಿನ ಉಚಿತ ಕೊಡುಗೆಗಳನ್ನು ಪ್ರಶ್ನಿಸಿದ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಪ್ರಣಾಳಿಕೆಯ ಭರವಸೆಗಳು ಪ್ರಜಾಪ್ರತಿನಿಧಿ ಕಾಯಿದೆಯ 123ನೆಯ ಕಲಮಿನ ಭ್ರಷ್ಟ ಆಚರಣೆಯಾಗುವುದಿಲ್ಲ ಎಂದು ಹೇಳಿ, ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಹಾಗೆ ಬಂದ ಮಾದರಿ ನೀತಿ ಸಂಹಿತೆಯ ಭಾಗದಲ್ಲಿ, ಭರವಸೆಗೆ ಕಾರಣವನ್ನೂ ಹಣ ಹೊಂದಿಸುವ ದಾರಿಯನ್ನೂ ಸ್ಥೂಲವಾಗಿ ತಿಳಿಸಬೇಕು ಎಂದಿದೆ. ‘ಸ್ಥೂಲವಾಗಿ’ ಎಂಬ ಆ ಪದ ಇರುವವರೆಗೆ ಯಾವ ಪಕ್ಷಕ್ಕೂ ನಿದ್ದೆ ಕೆಡುವುದಿಲ್ಲ. ಮಾತು ತಪ್ಪಿದರೆ ದಾವೆ ಹೂಡಬಹುದೇ ಎಂದು ಪ್ರತಿ ಚುನಾವಣೆಯ ಮರುವರ್ಷ ಯಾರಾದರೂ ನನ್ನ ಕಚೇರಿಗೆ ಬರುತ್ತಾರೆ. ಚಹಾ ಕೊಟ್ಟು ಕಳುಹಿಸುತ್ತೇನೆ.

ಅಳುವಾರದ ಹಳೆಯ ವಿದ್ಯಾರ್ಥಿ

ಕೊಡುವ ಯೋಜನೆಗಳು ನಡೆದಾಗ ನಿಂತುಹೋಗುವುದು ಯಾವುದು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದಾಗ ನಾನು ಅಲ್ಲಿ ಓದಿದವನು. ಹಿಂದಿನ ಬಿಜೆಪಿ ಸರ್ಕಾರ ಅದನ್ನು ಕೊಡಗು ವಿಶ್ವವಿದ್ಯಾಲಯ ಮಾಡಿತು. ನಾಮಫಲಕ ಬದಲಾಯಿತು, ಬೇಕಾದಷ್ಟು ಹಣ, ಹುದ್ದೆಗಳು ಜೊತೆಗೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಈಗಿನ ಸರ್ಕಾರದ ಸಂಪುಟ ಉಪಸಮಿತಿ, ಹೊಸ ವಿಶ್ವವಿದ್ಯಾಲಯಗಳ ಪೈಕಿ ಬೀದರ್ ಬಿಟ್ಟು ಕೊಡಗು ಸೇರಿದಂತೆ ಒಂಬತ್ತು ಮುಂದುವರಿಯುವುದು ಕಷ್ಟ ಎಂದು ಹೇಳಿತು. ಒಬ್ಬರು ಹಣವಿಲ್ಲದೆ ಹುಟ್ಟಿಸಿದರು, ಇನ್ನೊಬ್ಬರು ಹಣವಿಲ್ಲವೆಂದು ಮುಚ್ಚಲು ಹೊರಟರು. ಇದಕ್ಕೆ ಗ್ಯಾರಂಟಿಗಳೇ ಕಾರಣ ಎಂದು ನಾನು ಹೇಳಲಾರೆ, ಲೆಕ್ಕ ಅಷ್ಟು ನೇರವಲ್ಲ. ಆದರೆ ಪರಿಶಿಷ್ಟ ಜಾತಿ, ಬುಡಕಟ್ಟು ಉಪಯೋಜನೆಗಳ ಹಣದಲ್ಲಿ 2023-24ರಲ್ಲಿ 11,000 ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳ ಲೆಕ್ಕಕ್ಕೆ ತೋರಿಸಿದ್ದು ನೇರವಾಗಿಯೇ ನಡೆದದ್ದು. ಫಲಾನುಭವಿಗಳಲ್ಲಿ ಆ ಸಮುದಾಯದವರೂ ಇದ್ದಾರೆ ಎಂಬುದು ಸರ್ಕಾರದ ಉತ್ತರ. ಎಲ್ಲರಿಗೂ ಸಿಗುವುದನ್ನೇ ಅವರಿಗೂ ಕೊಟ್ಟು, ಅವರಿಗೆಂದೇ ಇಟ್ಟ ಹಣದಲ್ಲಿ ಅದನ್ನು ಮುರಿದುಕೊಂಡರೆ, ಬುಡಕಟ್ಟು ಜನರ ಊರಾದ ಹಾಡಿಗೆ ಆಗಬೇಕಾಗಿದ್ದ ರಸ್ತೆ, ಕುಡಿಯುವ ನೀರು ಯಾವ ಹಣದಲ್ಲಿ ಆಗಬೇಕು?

ಕುಶಾಲನಗರದ ನಿವೃತ್ತ

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ‘ಯಾರ ಜೇಬಿನಿಂದ’ ಎಂದು ನಾನು ಕೇಳಿದಾಗ ತೆರಿಗೆ ಕಟ್ಟುವವರನ್ನು ಮಾತ್ರ ಎಣಿಸಿದ್ದೆ. ಈ ಜೇಬನ್ನು ಎಣಿಸಿರಲಿಲ್ಲ.

ಸಿದ್ದಾಪುರದ ರೈಟರ್

ಎಲ್ಲವನ್ನೂ ಓದಿದೆ. ನಾನು ಒಂದು ಎಸ್ಟೇಟಿನಲ್ಲಿ ಹಾಜರಿ, ಸಂಬಳದ ಲೆಕ್ಕ ಬರೆಯುವವನು. ನಮ್ಮ ಲೈನ್‌ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಹನ್ನೆರಡು ಸಂಸಾರಗಳಿವೆ, ಮೀಟರ್ ಒಂದು. ಅದು ತೋಟದ ಹೆಸರಿನಲ್ಲಿದೆ. ಗೃಹಜ್ಯೋತಿಗೆ ಅರ್ಜಿ ಹಾಕಲು ಆರ್.ಆರ್. ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಬೇಕು. ಯೋಜನೆ ಬಂದ ಹೊಸದರಲ್ಲಿ ಭಾನುವಾರ ಸಂತೆಗೆ ಹೋದ ಹೆಂಗಸರು ಆಧಾರ್ ಕಾರ್ಡು, ಪಡಿತರ ಚೀಟಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸೇವಾ ಕೇಂದ್ರದ ಮುಂದೆ ನಿಂತು, ಆ ಸಂಖ್ಯೆ ಏನೆಂದು ಕೇಳಿ ನನಗೆ ಫೋನ್ ಮಾಡಿದರು. ಹನ್ನೆರಡು ಮನೆಗೆ ನನ್ನಲ್ಲಿದ್ದದ್ದು ಒಂದೇ ಸಂಖ್ಯೆ. ಅವರು ಕರೆಂಟ್ ಬಿಲ್ಲು ಕಟ್ಟುವುದಿಲ್ಲ, ತೋಟದವರೇ ಕಟ್ಟುತ್ತಾರೆ, ಆದ್ದರಿಂದ ನಷ್ಟವಿಲ್ಲ ಎಂದು ಯಾರಾದರೂ ಹೇಳಬಹುದು. ಅದು ನಿಜವೂ ಹೌದು. ಆದರೆ ಆ ಕಾಗದ ಕಲ್ಪಿಸಿಕೊಂಡ ಮನೆಯಲ್ಲಿ ಸ್ವಂತ ಮೀಟರ್, ಸ್ವಂತ ಚೀಟಿ, ಚೀಟಿಯಲ್ಲಿ ಯಜಮಾನಿಯ ಹೆಸರು, ಆ ಹೆಸರಿನಲ್ಲಿ ಆಧಾರ್ ಜೋಡಿಸಿದ ಖಾತೆ ಎಲ್ಲವೂ ಇದ್ದವು. ಲೈನ್‌ಮನೆಯಲ್ಲಿ ಈ ನಾಲ್ಕರಲ್ಲಿ ಒಂದೋ ಎರಡೋ ಇರುವುದಿಲ್ಲ. ಅಸ್ಸಾಮಿನಿಂದ ಬಂದ ಎರಡು ಸಂಸಾರಗಳಿಗೆ ನಾಲ್ಕೂ ಇಲ್ಲ. ಹಾಡಿಯಿಂದ ಬರುವ ಎರವ ಬುಡಕಟ್ಟಿನ ಅಜ್ಜಿಯೊಬ್ಬರಿಗೆ ಚೀಟಿ ಇದೆ, ಆಧಾರಿನಲ್ಲಿ ಹೆಸರು ಬೇರೆಯಾಗಿದೆ. ತಿದ್ದಿಸಲು ಎರಡು ದಿನದ ಕೂಲಿ ಬಿಟ್ಟು ಹೋಗಬೇಕು.

ಬೆಳೆಗಾರರು ಹೇಳಿದ ಓಟಿಯನ್ನು ನಮ್ಮ ಲೈನಿನಲ್ಲಿ ತೆಗೆದರೆ ಹೀಗಿದೆ: ಅಕ್ಕಿ ಹನ್ನೆರಡರಲ್ಲಿ ಒಂಬತ್ತು ಮನೆಗೆ, ಗೃಹಲಕ್ಷ್ಮಿ ಏಳಕ್ಕೆ, ವಿದ್ಯುತ್ ಸೊನ್ನೆ. ಬಸ್ಸು ಸಿಕ್ಕಿದವರಿಗೆ ಸಿಕ್ಕಿತು. ಏಳು ಮನೆಗೆ ತಿಂಗಳಿಗೆ 2,000 ಬರುವುದು ಸಣ್ಣ ಮಾತಲ್ಲ ಎಂಬುದನ್ನೂ ಬರೆದಿಡಿ. ಮೊದಲು ಮಳೆಗಾಲದಲ್ಲಿ ಕೆಲಸ ನಿಂತಾಗ ಅಡ್ವಾನ್ಸ್ ಕೇಳಿಕೊಂಡು ಬರುತ್ತಿದ್ದವರಲ್ಲಿ ಮೂವರು ಕಳೆದೆರಡು ಮಳೆಗಾಲ ಬರಲಿಲ್ಲ. ನನ್ನ ಅಡ್ವಾನ್ಸ್ ಪುಸ್ತಕದಲ್ಲಿ ಅದು ಕಾಣುತ್ತದೆ.

ತಿತಿಮತಿಯ ಮೇಷ್ಟ್ರು

ಸೋಮವಾರದ ತರಗತಿ ಮುಗಿಸಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಯಾವ ಪಕ್ಷದ ಹೆಸರನ್ನೂ ಹೇಳದೆ ಭರವಸೆಗಳನ್ನು ಮಾತ್ರ ಹಲಗೆಯ ಮೇಲೆ ಬರೆದು, ಒಂದೊಂದರ ಎದುರು ನಿಮ್ಮ ಪ್ರಶ್ನೆಗಳನ್ನು ಹಾಕಿದೆ: ಎಷ್ಟು ಹಣ, ಯಾರ ಜೇಬಿನಿಂದ, ವಸ್ತು ಇದೆಯೇ, ಕೀಲಿಕೈ ಯಾರಲ್ಲಿದೆ, ಬಾಗಿಲಲ್ಲಿ ಯಾವ ಕಾಗದ ಕೇಳುತ್ತಾರೆ. ಗುಣಾಕಾರ ಅವರಿಗೆ ನನಗಿಂತ ಬೇಗ ಬಂದಿತು. ಹಾಲಿನ ಲೆಕ್ಕದಲ್ಲಿ ಒಬ್ಬ ಹುಡುಗ ನನ್ನ ಒಂದು ಸೊನ್ನೆಯ ತಪ್ಪನ್ನು ಎಲ್ಲರೆದುರು ತಿದ್ದಿದ. ಬಸ್ಸಿನ ಸಾಲಿಗೆ ಬಂದಾಗ, ಈ ದಿನ ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಬಂದ ಹುಡುಗಿಯರು ಕೈ ಎತ್ತಿ ಎಂದೆ. ಆರು ಕೈಗಳು ಮೇಲೆದ್ದವು. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಕೈ ಎತ್ತಲಿಲ್ಲ. ಹಾಡಿಯಿಂದ ನಡೆದೇ ಬಂದೆ ಸರ್, ಹಾಡಿಯ ದಾರಿಗೆ ಬಸ್ಸೇ ಇಲ್ಲ, ಆ ಸಾಲನ್ನು ಎಲ್ಲಿ ಬರೆಯುತ್ತೀರಿ ಎಂದು ಕೇಳಿದಳು. ಹಲಗೆಯ ಬಲತುದಿಯಲ್ಲಿ ಇನ್ನೊಂದು ಗೆರೆ ಎಳೆದು ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟೆ.